ಶೇ 26 ಒಳ್ಳೆಯದೋ, ಶೇ 35 ಒಳ್ಳೆಯದೋ? ಆಸ್ಪತ್ರೆಗಳ ಸಿಸೇರಿಯನ್ ಪ್ರಮಾಣ ಹೋಲಿಸುವ ಬಗೆ

ಎರಡು ಆಸ್ಪತ್ರೆಗಳಿವೆ ಎಂದಿಟ್ಟುಕೊಳ್ಳಿ. ‘ಕ’ದಲ್ಲಿ ನೂರಕ್ಕೆ ಸುಮಾರು 35 ಹೆರಿಗೆ ಸಿಸೇರಿಯನ್, ‘ಖ’ದಲ್ಲಿ 26. ಆದಷ್ಟೂ ಆಪರೇಷನ್ ಇಲ್ಲದೆ ಹೆರಿಗೆ ಆಗಲಿ ಎನ್ನುವವರು ‘ಖ’ಕ್ಕೆ ಹೋಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದೇ ಗರ್ಭಿಣಿಗೆ ‘ಖ’ದಲ್ಲೇ ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚಿರಬಹುದು. ಹೇಗೆಂದು ಕೆಳಗಿನ ಪಟ್ಟಿಯಲ್ಲಿ ನೋಡಿ. ಅಂಕಿಗಳು ಲೆಕ್ಕ ತೋರಿಸಲೆಂದು ಕಟ್ಟಿಕೊಂಡವು. ಎರಡೂ ಕಡೆ ವರ್ಷಕ್ಕೆ 1,000 ಹೆರಿಗೆ.

| ಯಾರು | ‘ಕ’ | ‘ಖ’ |
|---|---|---|
| ಚೊಚ್ಚಲ, ನೋವು ತಾನಾಗಿ ಬಂದವರು | 250ರಲ್ಲಿ 25 (ಶೇ 10) | 350ರಲ್ಲಿ 63 (ಶೇ 18) |
| ಚೊಚ್ಚಲ, ನೋವು ಬರಿಸಿದವರು ಅಥವಾ ನೋವಿಗೆ ಮುಂಚೆಯೇ ಆಪರೇಷನ್ ಆದವರು | 150ರಲ್ಲಿ 51 (ಶೇ 34) | 120ರಲ್ಲಿ 54 (ಶೇ 45) |
| ಹಿಂದೆ ಸಹಜ ಹೆರಿಗೆ ಮಾತ್ರ ಆದವರು | 200ರಲ್ಲಿ 10 (ಶೇ 5) | 400ರಲ್ಲಿ 32 (ಶೇ 8) |
| ಹಿಂದೆ ಸಿಸೇರಿಯನ್ ಆದವರು | 220ರಲ್ಲಿ 143 (ಶೇ 65) | 100ರಲ್ಲಿ 85 (ಶೇ 85) |
| ಅವಳಿ, ಬ್ರೀಚ್ (ಕುಂಡೆ ಅಥವಾ ಕಾಲು ಕೆಳಗಿರುವ ಮಗು), ಅಡ್ಡ ಮಗು, ದಿನ ತುಂಬದವರು | 180ರಲ್ಲಿ 117 (ಶೇ 65) | 30ರಲ್ಲಿ 24 (ಶೇ 80) |
| ಒಟ್ಟು | 346 (ಶೇ 34.6) | 258 (ಶೇ 25.8) |

ಸಾಲು ಸಾಲಾಗಿ ನೋಡುತ್ತ ಬನ್ನಿ. ಪ್ರತಿ ಸಾಲಿನಲ್ಲೂ ‘ಕ’ದ ಪ್ರಮಾಣವೇ ಕಡಿಮೆ. ಆದರೂ ಒಟ್ಟು ಲೆಕ್ಕದಲ್ಲಿ ‘ಕ’ ಕೆಟ್ಟದಾಗಿ ಕಾಣುತ್ತದೆ, ಏಕೆಂದರೆ ಸುತ್ತಲ ಕಷ್ಟದ ಹೆರಿಗೆಗಳೆಲ್ಲ ಅಲ್ಲಿಗೇ ಬರುತ್ತವೆ. ‘ಖ’ದ 1,000 ಮಂದಿಯೇ ‘ಕ’ದಲ್ಲಿ ಹೆತ್ತಿದ್ದರೆ? ಪ್ರತಿ ಸಾಲಿಗೂ ‘ಕ’ದ ಪ್ರಮಾಣ ಹಾಕಿ ಕೂಡಿದರೆ ಸುಮಾರು 180 ಸಿಸೇರಿಯನ್, ಅಂದರೆ ಶೇ 18. ‘ಕ’ದವರೆಲ್ಲ ‘ಖ’ಕ್ಕೆ ಹೋಗಿದ್ದರೆ ಸುಮಾರು 460, ಅಂದರೆ ಶೇ 46. ಒಟ್ಟು ಪ್ರಮಾಣ ಹೇಳುವುದು ಮುಖ್ಯವಾಗಿ ಆ ಆಸ್ಪತ್ರೆಯ ಬಾಗಿಲಿಗೆ ಎಂಥವರು ಬರುತ್ತಾರೆ ಎಂಬುದನ್ನು. ಬಂದವರನ್ನು ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ತಿಳಿಯಬೇಕಾದರೆ ಸಾಲುಗಳನ್ನು ಬಿಡಿಸಿ ನೋಡಬೇಕು.

ಶೇ 10–15 ಎಂಬ ಮಾತು ಆಸ್ಪತ್ರೆಗೆ ಅನ್ವಯಿಸುವುದಿಲ್ಲ

ಸಿಸೇರಿಯನ್ ಶೇ 10ರಿಂದ 15ರೊಳಗಿರಬೇಕು ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಅದು ಹುಟ್ಟಿದ್ದು 1985ರಲ್ಲಿ, ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ. ಅಲ್ಲಿ ಮಾತಾಗಿದ್ದು ಇಡೀ ಒಂದು ಪ್ರದೇಶದ ಬಗ್ಗೆ. 2015ರಲ್ಲಿ ಸಂಸ್ಥೆ ಇನ್ನಷ್ಟು ಬಿಡಿಸಿ ಹೇಳಿತು: ಜನಸಂಖ್ಯೆಯ ಮಟ್ಟದಲ್ಲಿ ಸಿಸೇರಿಯನ್ ಶೇ 10ರವರೆಗೆ ಏರುವಾಗ ತಾಯಿ ಮತ್ತು ನವಜಾತ ಶಿಶುಗಳ ಸಾವು ಇಳಿಯುತ್ತದೆ, ಅದರಾಚೆ ಏರಿದರೆ ಸಾವು ಇಳಿಯುವುದು ಕಾಣುವುದಿಲ್ಲ. ಯಾವುದೋ ಪ್ರಮಾಣ ಮುಟ್ಟುವ ಹಟಕ್ಕೆ ಬೀಳದೆ, ಅಗತ್ಯವಿರುವ ಪ್ರತಿ ಹೆಣ್ಣಿಗೂ ಸಿಸೇರಿಯನ್ ಸಿಗುವಂತೆ ನೋಡಿಕೊಳ್ಳಿ ಎಂದೂ ಹೇಳಿತು. ಅವಧಿಗೆ ಮುಂಚಿನ ಹೆರಿಗೆ, ಅವಳಿ, ರಕ್ತದೊತ್ತಡದ ಕೇಸುಗಳನ್ನೇ ತುಂಬಿಕೊಂಡ ದೊಡ್ಡ ಆಸ್ಪತ್ರೆಯನ್ನು ಶೇ 15ರ ಗೆರೆಯಿಂದ ಅಳೆದರೆ ಯಾವ ಅರ್ಥವೂ ಇಲ್ಲ.

ಆಸ್ಪತ್ರೆಗಳನ್ನು ಹೋಲಿಸಲು ಅದೇ ಹೇಳಿಕೆ ಬೇರೊಂದು ಅಳತೆಗೋಲು ಸೂಚಿಸಿತು. ಐರ್ಲೆಂಡಿನ ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಪ್ರಕಟಿಸಿದ ಹತ್ತು ಗುಂಪುಗಳ ವರ್ಗೀಕರಣ ಅದು. ಹೆರಿಗೆಗೆ ಬಂದ ಪ್ರತಿಯೊಬ್ಬರ ಬಗ್ಗೆ ಆರು ಸಂಗತಿ ಕೇಳಿದರೆ ಸಾಕು: ಚೊಚ್ಚಲೋ ಅಲ್ಲವೋ, ಹಿಂದೆ ಸಿಸೇರಿಯನ್ ಆಗಿದೆಯೋ, ಮಗು ಒಂದೋ ಹೆಚ್ಚೋ, ತಲೆ ಕೆಳಗಿದೆಯೋ ಇಲ್ಲವೋ, 37 ವಾರ ತುಂಬಿದೆಯೋ, ನೋವು ತಾನಾಗಿ ಬಂತೋ ಬರಿಸಿದ್ದೋ ಅಥವಾ ನೋವಿಗೆ ಮುಂಚೆಯೇ ಆಪರೇಷನ್ ಆಯಿತೋ. ಇಷ್ಟು ಗೊತ್ತಾದರೆ ಯಾರೇ ಆಗಲಿ ಹತ್ತರಲ್ಲಿ ಒಂದೇ ಒಂದು ಗುಂಪಿಗೆ ಸೇರುತ್ತಾರೆ. ಆಪರೇಷನ್ನಿನ ‘ಕಾರಣ’ವನ್ನು ಇದು ಕೇಳುವುದೇ ಇಲ್ಲ, ಅದೇ ಇದರ ಜಾಣತನ. ಕಾರಣವನ್ನು ಬರೆಯುವವರು ಹೇಗೆ ಬೇಕಾದರೂ ಬರೆಯಬಹುದು. ಚೊಚ್ಚಲೋ ಅಲ್ಲವೋ ಎಂಬುದನ್ನು ತಿದ್ದಲಾಗದು.

ನಿಮ್ಮ ಸಾಲು ಹುಡುಕಿ

ಚೊಚ್ಚಲ, ಒಂದೇ ಮಗು, ತಲೆ ಕೆಳಗೆ, ದಿನ ತುಂಬಿದೆ, ನೋವು ತಾನಾಗಿ ಬಂದಿದೆ: ಇದು 1ನೇ ಗುಂಪು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಇಲ್ಲಿ ಶೇ 10ಕ್ಕಿಂತ ಕಡಿಮೆ ಸಿಸೇರಿಯನ್ ಸಾಧ್ಯ. ಉಳಿದೆಲ್ಲ ಹಾಗೆಯೇ ಇದ್ದು ನೋವು ಬರಿಸಿದ್ದಾದರೆ ಅಥವಾ ಮೊದಲೇ ಆಪರೇಷನ್ ಆದರೆ 2ನೇ ಗುಂಪು. ಇಲ್ಲಿ ಶೇ 20ರಿಂದ 35. ಹಿಂದೆ ಸಹಜ ಹೆರಿಗೆ ಆಗಿ, ಈಗಲೂ ನೋವು ತಾನಾಗಿ ಬಂದವರು 3ನೇ ಗುಂಪು. ಇಲ್ಲಿ ಶೇ 3 ದಾಟಬಾರದು. ಅವರಲ್ಲೇ ನೋವು ಬರಿಸಿದವರು ಮತ್ತು ಮೊದಲೇ ಆಪರೇಷನ್ ಆದವರು 4ನೇ ಗುಂಪು. ಶೇ 15 ದಾಟುವುದು ಅಪರೂಪವಾಗಿರಬೇಕು. ಹಿಂದೆ ಸಿಸೇರಿಯನ್ ಆಗಿ, ಈಗ ದಿನ ತುಂಬಿ ತಲೆ ಕೆಳಗಿರುವ ಒಂದೇ ಮಗು ಇರುವವರು 5ನೇ ಗುಂಪು. ಶೇ 50ರಿಂದ 60 ಇದ್ದರೆ ಸರಿ. ಉಳಿದ ಐದು ಗುಂಪುಗಳಲ್ಲಿ ಬ್ರೀಚ್, ಅವಳಿ, ಅಡ್ಡ ಮಗು, ದಿನ ತುಂಬದ ಹೆರಿಗೆ ಬರುತ್ತವೆ.

ಈ ಪಟ್ಟಿಯಲ್ಲಿ ಅಂಕಿಗಳ ನಂಬಿಕೆ ಪರೀಕ್ಷಿಸುವ ಒಂದು ಸುಲಭದ ಉಪಾಯವೂ ಇದೆ. 9ನೇ ಗುಂಪು, ಅಂದರೆ ಅಡ್ಡ ಮಗು. ಇಂಥ ಹೆರಿಗೆ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು, ಇದ್ದಷ್ಟೂ ಸಿಸೇರಿಯನ್ನೇ ಆಗಿರಬೇಕು. ಆಸ್ಪತ್ರೆಯ ವರದಿಯಲ್ಲಿ ಅಡ್ಡ ಮಗುವಿನ ಸಾಲಿನಲ್ಲಿ ಶೇ 60 ಸಿಸೇರಿಯನ್ ಎಂದಿದ್ದರೆ, ಬರೆದುಕೊಳ್ಳುವವರು ತಪ್ಪು ಗುಂಪಿಗೆ ಹಾಕುತ್ತಿದ್ದಾರೆ ಎಂದೇ ಅರ್ಥ. ಹಾಗೆಯೇ 3ನೇ ಗುಂಪಿನಲ್ಲಿ ಶೇ 9–10 ಕಂಡರೆ ಬೈಯುವ ಮುಂಚೆ ಒಂದು ಅನುಮಾನ ಇರಲಿ: ಹಿಂದೆ ಸಿಸೇರಿಯನ್ ಆದ ಕೆಲವರು ಆ ಸಾಲಿಗೆ ನುಸುಳಿರಬಹುದು.

ಎಲ್ಲ ಆಸ್ಪತ್ರೆಗಳಲ್ಲೂ ಹತ್ತು ಗುಂಪುಗಳ ಪಟ್ಟಿ ಸಿಗದು. ಒಂದೇ ಒಂದು ಅಂಕಿ ಕೇಳಲು ಅವಕಾಶವಿದ್ದರೆ ಇದನ್ನು ಕೇಳಿ: ದಿನ ತುಂಬಿದ, ತಲೆ ಕೆಳಗಿರುವ ಒಂದೇ ಮಗುವಿನ ಚೊಚ್ಚಲ ಹೆರಿಗೆಗಳಲ್ಲಿ ಸಿಸೇರಿಯನ್ ಎಷ್ಟು? ಇದು 1 ಮತ್ತು 2ನೇ ಗುಂಪು ಸೇರಿದ ಲೆಕ್ಕ. ಅಮೆರಿಕದಲ್ಲಿ ಆಸ್ಪತ್ರೆಗಳನ್ನು ಹೋಲಿಸುವುದೇ ಇದರಿಂದ. 2030ಕ್ಕೆ ಅಲ್ಲಿನ ರಾಷ್ಟ್ರೀಯ ಗುರಿ ಶೇ 23.6. ಚೊಚ್ಚಲಕ್ಕೇ ಏಕೆ ಇಷ್ಟು ಒತ್ತು ಎಂದರೆ, ಆಸ್ಪತ್ರೆಯ ರೂಢಿಯ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ. ಇಲ್ಲಿ ಆದ ಸಿಸೇರಿಯನ್ ಮುಂದಿನ ಹೆರಿಗೆಗಳನ್ನೆಲ್ಲ 5ನೇ ಗುಂಪಿಗೆ ತಳ್ಳುತ್ತದೆ.

ಭಾಗಿಸಿದ್ದು ಯಾವುದರಿಂದ?

ಸರಿಯಾದ ಲೆಕ್ಕದಲ್ಲಿ ಮೇಲೆ ಸಿಸೇರಿಯನ್ ಆದ ತಾಯಂದಿರು, ಕೆಳಗೆ ಹೆತ್ತ ತಾಯಂದಿರೆಲ್ಲರೂ ಇರಬೇಕು. ಮಕ್ಕಳನ್ನು ಎಣಿಸಿದರೆ ಒಂದು ಅವಳಿ ಸಿಸೇರಿಯನ್ ಎರಡಾಗುತ್ತದೆ.

ಇದಕ್ಕಿಂತ ದೊಡ್ಡ ಸೋರಿಕೆ ಇನ್ನೊಂದು ಕಡೆ. ಸಣ್ಣ ಆಸ್ಪತ್ರೆಯಲ್ಲಿ ನೋವು ಶುರುವಾಗಿ, ಅರ್ಧದಲ್ಲಿ ಕಷ್ಟ ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಆ ಸಿಸೇರಿಯನ್ ದೊಡ್ಡದರ ಖಾತೆಗೆ ಹೋಗುತ್ತದೆ. ಸಣ್ಣದರ ಪುಸ್ತಕದಲ್ಲಿ ಆ ಹೆರಿಗೆ ಆಗಿಯೇ ಇಲ್ಲ. ‘ಹೆರಿಗೆ ನೋವಿನಲ್ಲಿದ್ದವರನ್ನು ವರ್ಷಕ್ಕೆ ಎಷ್ಟು ಮಂದಿಯನ್ನು ಬೇರೆಡೆಗೆ ಕಳಿಸಿದಿರಿ’ ಎಂದು ಕೇಳದೆ ಸಣ್ಣ ಆಸ್ಪತ್ರೆಯ ಕಡಿಮೆ ಪ್ರಮಾಣವನ್ನು ಮೆಚ್ಚಬೇಡಿ.

ಅವಧಿಯನ್ನೂ ನೋಡಿ. ತಿಂಗಳಿಗೆ 40 ಹೆರಿಗೆ ಆಗುವ, ನಿಜವಾದ ಪ್ರಮಾಣ ಶೇ 25 ಇರುವ ಆಸ್ಪತ್ರೆಯಲ್ಲಿ ಒಂದು ತಿಂಗಳು 5 ಸಿಸೇರಿಯನ್ ಆಗಬಹುದು, ಇನ್ನೊಂದು ತಿಂಗಳು 15, ಬರೀ ಆಕಸ್ಮಿಕದಿಂದಲೇ. ಅಂದರೆ ಶೇ 12ರಿಂದ 38ರವರೆಗಿನ ತೂಗಾಟ. ಇಡೀ ವರ್ಷದ 480 ಹೆರಿಗೆ ತೆಗೆದುಕೊಂಡರೆ ಅದು ಶೇ 21ರಿಂದ 29ಕ್ಕೆ ಇಳಿಯುತ್ತದೆ. ಹಾಗಾಗಿ ಕನಿಷ್ಠ ಒಂದು ವರ್ಷದ, ಸಣ್ಣ ಆಸ್ಪತ್ರೆಯಾದರೆ ಎರಡು-ಮೂರು ವರ್ಷದ ಲೆಕ್ಕ ಬೇಕು. ಒಬ್ಬೊಬ್ಬ ಡಾಕ್ಟರ ಪ್ರಮಾಣ ಹೋಲಿಸುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎರಡು ಆಸ್ಪತ್ರೆಗಳ ನಡುವೆ ನಾಲ್ಕೈದು ಅಂಕದ ಅಂತರವಿದ್ದರೆ ಅದನ್ನು ಮರೆತು ಬೇರೆ ಸಂಗತಿ ನೋಡಿ ಆರಿಸಿಕೊಳ್ಳಿ.

ಅಂತರ ಹುಟ್ಟುವುದು ಹೆರಿಗೆ ವಾರ್ಡಿನ ರೂಢಿಯಲ್ಲಿ

ಒಂದೇ ಬಗೆಯ ಗರ್ಭಿಣಿಯರು ಬರುವ ಎರಡು ಕಡೆ ಪ್ರಮಾಣ ಬೇರೆಯಾಗಿದ್ದರೆ, ಕಾರಣ ಬಹುಮಟ್ಟಿಗೆ ತಾಳ್ಮೆಯ ನಿಯಮಗಳಲ್ಲಿರುತ್ತದೆ.

ಗರ್ಭಕೋಶದ ಬಾಯಿ ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕು ಎಂಬ ಹಳೆಯ ನಿಯಮವನ್ನೇ ತೆಗೆದುಕೊಳ್ಳಿ. ಕೆಲವು ಹೆಂಗಸರಿಗೆ ಅದು ಆಗದ ವೇಗ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಚುರುಕಾದ ಹೆರಿಗೆ ನೋವು ಶುರು ಎಂದು ಎಣಿಸಬೇಕಾದದ್ದು 5 ಸೆಂ.ಮೀ.ನಿಂದ ಎಂದಿತು. ಅಮೆರಿಕದ ಪ್ರಸೂತಿ ತಜ್ಞರ ಸಂಘಗಳು 2014ರಲ್ಲೇ ಆ ಗೆರೆಯನ್ನು 6 ಸೆಂ.ಮೀ.ಗೆ ಇಟ್ಟಿದ್ದವು. 6 ಸೆಂ.ಮೀ. ಆಗಿ, ನೀರಿನ ಚೀಲ ಒಡೆದು, ನೋವು ಚೆನ್ನಾಗಿ ಬರುತ್ತಿದ್ದೂ 4 ಗಂಟೆ ಏನೂ ಮುಂದುವರಿಯದಿದ್ದರೆ, ಅಥವಾ ನೋವು ಸಾಲದೆ ಆಕ್ಸಿಟೋಸಿನ್ ಡ್ರಿಪ್ ಕೊಟ್ಟು 6 ಗಂಟೆ ಕಾದರೂ ಮುಂದುವರಿಯದಿದ್ದರೆ ಮಾತ್ರ ‘ಹೆರಿಗೆ ನಿಂತಿದೆ’ ಎನ್ನಬಹುದು ಎಂಬುದು ಅವರ ಲೆಕ್ಕ. ಬಾಯಿ ಪೂರ್ತಿ ತೆರೆದ ಮೇಲೆ ಚೊಚ್ಚಲದವರಿಗೆ ಮುಕ್ಕಲು ಕನಿಷ್ಠ 3 ಗಂಟೆ, ಉಳಿದವರಿಗೆ 2 ಗಂಟೆ. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಔಷಧ) ಇದ್ದರೆ ಇನ್ನಷ್ಟು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಮಾತ್ರ ಈ ಕಾಯುವಿಕೆ ಎಂಬುದು ಬೇರೆ ಹೇಳಬೇಕಿಲ್ಲ. ಈಗ 3 ಸೆಂ.ಮೀ.ಗೇ ದಾಖಲು ಮಾಡಿಕೊಂಡು, 4 ಸೆಂ.ಮೀ.ನಲ್ಲಿ ‘ಮುಂದುವರಿಯುತ್ತಿಲ್ಲ’ ಎಂದು ಥಿಯೇಟರ್‌ಗೆ ಕರೆದೊಯ್ಯುವ ವಾರ್ಡ್ ಕಲ್ಪಿಸಿಕೊಳ್ಳಿ. ಅಲ್ಲಿ ಹೆರಿಗೆ ನಿಂತಿಲ್ಲ. ಸರಿಯಾಗಿ ಶುರುವೇ ಆಗಿಲ್ಲ.

ನೋವು ಬರಿಸುವುದರ ಕಥೆಯೂ ಇಂಥದ್ದೇ. ನೋವು ಬರಿಸಿದರೆ ಸಿಸೇರಿಯನ್ ಖಚಿತ ಎಂಬ ಭಯ ಹಲವರಲ್ಲಿದೆ. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 39ನೇ ವಾರಕ್ಕೆ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2 ಇತ್ತು. ಆದರೆ ಅಲ್ಲಿ ಗರ್ಭಕೋಶದ ಬಾಯಿ ಮೆದುವಾಗಲು ಔಷಧ ಕೊಟ್ಟು, ನೀರು ಒಡೆದ ಮೇಲೂ 12 ಗಂಟೆಯಷ್ಟು ಕಾಯುವ ತಾಳ್ಮೆ ಇತ್ತು. ಬೆಳಿಗ್ಗೆ ಡ್ರಿಪ್ ಹಾಕಿ ಸಂಜೆಗೆ ‘ಫೇಲ್ ಆಯಿತು’ ಎನ್ನುವ ಕಡೆ ಈ ಅಂಕಿಯನ್ನು ಆಧಾರವಾಗಿ ತೋರಿಸಿದರೆ ನಗು ಬರಬೇಕಷ್ಟೆ.

ಮಗುವಿನ ಎದೆಬಡಿತ ಕೇಳುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಅಪಾಯವಿಲ್ಲದವರಿಗೂ ಹೊಟ್ಟೆಗೆ ಪಟ್ಟಿ ಬಿಗಿದು ಇಡೀ ಹೊತ್ತು ಸಿ.ಟಿ.ಜಿ. (ಎದೆಬಡಿತವನ್ನು ಕಾಗದದ ಮೇಲೆ ಗೀಚುತ್ತ ಹೋಗುವ ಯಂತ್ರ) ಓಡಿಸಿದರೆ, ಆಗಾಗ ಡಾಪ್ಲರ್‌ನಲ್ಲಿ ಕೇಳುವುದಕ್ಕಿಂತ ಸಿಸೇರಿಯನ್ ಹೆಚ್ಚುತ್ತದೆ. ನವಜಾತ ಶಿಶುಗಳ ಫಿಟ್ಸ್ ಅರ್ಧಕ್ಕೆ ಇಳಿಯುತ್ತದೆ ನಿಜ, ಆದರೆ ಸಾವಿನಲ್ಲಾಗಲಿ ಸೆರೆಬ್ರಲ್ ಪಾಲ್ಸಿಯಲ್ಲಾಗಲಿ (ಮೆದುಳಿನ ಹಾನಿಯಿಂದ ಕೈಕಾಲು ಸ್ವಾಧೀನ ತಪ್ಪುವುದು) ವ್ಯತ್ಯಾಸ ಕಂಡಿಲ್ಲ. ಅಪಾಯವಿರುವವರಿಗೆ ಸಿ.ಟಿ.ಜಿ. ಬೇಕೇಬೇಕು. ಎಲ್ಲರಿಗೂ ಬಿಗಿಯುವ ಕಡೆ ಅದನ್ನು ಓದಲು ಅನುಭವಿಗಳಿದ್ದಾರೆಯೇ ಎಂದು ಕೇಳಿ.

ಹೆರಿಗೆಯ ಉದ್ದಕ್ಕೂ ಜೊತೆಯಲ್ಲೊಬ್ಬರು ಇರಲು ಬಿಡುತ್ತಾರೆಯೇ? ಇದು ಸೌಕರ್ಯದ ಪ್ರಶ್ನೆ ಮಾತ್ರವಲ್ಲ. ಬಿಡದೆ ಜೊತೆಗಿದ್ದು ಧೈರ್ಯ ಹೇಳುವವರಿದ್ದರೆ ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆಯಾಗುವುದನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳು ಒಟ್ಟಾಗಿ ತೋರಿಸಿವೆ. ಇಷ್ಟು ಅಗ್ಗದ ಉಪಾಯ ಪ್ರಸೂತಿ ಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಗಡಿಯಾರವೂ ಒಂದು ಸುಳಿವು. ತಾನಾಗಿ ಬಂದ ನೋವಿನ ಹೆರಿಗೆಗಳು ಹಗಲು ರಾತ್ರಿ ಹರಡಿರಬೇಕು. ‘ಮುಂದುವರಿಯುತ್ತಿಲ್ಲ’ ಎಂಬ ಕಾರಣದ ಸಿಸೇರಿಯನ್‌ಗಳೆಲ್ಲ ಸಂಜೆ ಹೊತ್ತಿಗೇ ಗುಂಪುಗೂಡಿದ್ದರೆ ಕಾರಣ ಗರ್ಭಕೋಶದಲ್ಲಿಲ್ಲ, ಡ್ಯೂಟಿ ಪಟ್ಟಿಯಲ್ಲಿದೆ. ಪಾಳಿಯ ಮೇಲೆ ರಾತ್ರಿಯೂ ಹೆರಿಗೆ ವಾರ್ಡಿನಲ್ಲೇ ಇರುವ ಡಾಕ್ಟರು, ಸೂಲಗಿತ್ತಿ ನರ್ಸುಗಳು ಇರುವ ಕಡೆ ಕಾಯುವುದು ಸುಲಭ. ಒಬ್ಬರೇ ಡಾಕ್ಟರು ಹಗಲಿಡೀ ಹೊರರೋಗಿಗಳನ್ನು ನೋಡಿ ರಾತ್ರಿಯೂ ಓಡಿಬರಬೇಕಾದ ಕಡೆ ಕಷ್ಟ. ಇದರಲ್ಲಿ ಆ ಡಾಕ್ಟರ ತಪ್ಪಿಗಿಂತ ವ್ಯವಸ್ಥೆಯ ತಪ್ಪೇ ಹೆಚ್ಚು.

ಕೆಲವು ಕಾರಣಗಳನ್ನು ಕೇಳಿದ ಕೂಡಲೇ ಒಪ್ಪಿಕೊಳ್ಳಬೇಡಿ. ಹೊಕ್ಕುಳಬಳ್ಳಿ ಕುತ್ತಿಗೆಗೆ ಒಂದು ಸುತ್ತು ಬಂದಿರುವುದು ನಾಲ್ಕರಲ್ಲಿ ಒಂದು ಹೆರಿಗೆಯಲ್ಲಿ ಕಾಣುವಂಥದ್ದು. ಸ್ಕ್ಯಾನಿನಲ್ಲಿ ಅದು ಕಂಡಿತು ಎಂಬುದಷ್ಟೇ ಆಪರೇಷನ್ನಿಗೆ ಕಾರಣವಲ್ಲ. ‘ಮಗು ದೊಡ್ಡದು’ ಎಂಬುದೂ ಹಾಗೆಯೇ. ಸ್ಕ್ಯಾನಿನ ತೂಕ ಶೇ 10–15ರಷ್ಟು ಆಚೀಚೆ ಆಗುವುದು ಮಾಮೂಲು. ಸಕ್ಕರೆ ಕಾಯಿಲೆ ಇಲ್ಲದವರಿಗೆ ಅಂದಾಜು ತೂಕ 5 ಕೆ.ಜಿ., ಇರುವವರಿಗೆ 4.5 ಕೆ.ಜಿ. ಮುಟ್ಟಿದರೆ ಸಿಸೇರಿಯನ್ ಯೋಚಿಸಬಹುದು ಎಂಬುದು ಅಮೆರಿಕದ ತಜ್ಞರ ಗೆರೆ, 3.6 ಕೆ.ಜಿ.ಗೆ ಹೆದರಿಸಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕಡಿಮೆ ಪ್ರಮಾಣವೂ ಕೆಟ್ಟದ್ದಿರಬಹುದು

ರಾತ್ರಿ ಅರಿವಳಿಕೆ ಡಾಕ್ಟರು ಇಲ್ಲದ, ರಕ್ತ ಸಿಗದ ಆಸ್ಪತ್ರೆಯಲ್ಲೂ ಸಿಸೇರಿಯನ್ ಕಡಿಮೆಯೇ ಇರುತ್ತದೆ. ಆದ್ದರಿಂದ ಪ್ರಮಾಣದ ಪಕ್ಕದಲ್ಲಿ ಇನ್ನೂ ಕೆಲವು ಅಂಕಿ ಇಟ್ಟು ನೋಡಬೇಕು: ಫೋರ್ಸೆಪ್ಸ್ ಮತ್ತು ವ್ಯಾಕ್ಯೂಮ್ ಹೆರಿಗೆ ಎಷ್ಟು, ಗುದದ್ವಾರದ ಸ್ನಾಯುವರೆಗೆ ಹರಿದವರೆಷ್ಟು, 1 ಲೀಟರಿಗಿಂತ ಹೆಚ್ಚು ರಕ್ತ ಹೋದವರೆಷ್ಟು, ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಎನ್.ಐ.ಸಿ.ಯು. (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದವರೆಷ್ಟು, 5ನೇ ನಿಮಿಷದ ಆಪ್ಗರ್ ಅಂಕ (ಹುಟ್ಟಿದ ಮಗು ಹೇಗಿದೆ ಎಂದು ಹತ್ತಕ್ಕೆ ಕೊಡುವ ಅಂಕ) 7ಕ್ಕಿಂತ ಕಡಿಮೆ ಇದ್ದವರೆಷ್ಟು. ಸಿಸೇರಿಯನ್ ಇಳಿದು ಇವು ಏರಿದ್ದರೆ ಅದು ಗೆಲುವಲ್ಲ. ಸಿಸೇರಿಯನ್ ಕಡಿಮೆ ಇದ್ದೂ ಇವೂ ಕಡಿಮೆ ಇರುವ ಆಸ್ಪತ್ರೆ ಸಿಕ್ಕರೆ ಬಿಡಬೇಡಿ.

ತುರ್ತು ಬಂದಾಗಿನ ವೇಗವನ್ನೂ ಕೇಳಿ. ಬ್ರಿಟನ್ನಿನ ಮಾನದಂಡದಲ್ಲಿ ಜೀವಕ್ಕೇ ಕುತ್ತು ಬಂದ ಮೊದಲ ದರ್ಜೆಯ ತುರ್ತಿಗೆ ನಿರ್ಧಾರವಾದ 30 ನಿಮಿಷದೊಳಗೆ, ಎರಡನೇ ದರ್ಜೆಗೆ 75 ನಿಮಿಷದೊಳಗೆ ಮಗು ಹೊರಬರಬೇಕು. ‘ಡಾಕ್ಟರು ಮನೆಯಿಂದ ಬರಬೇಕು, ಹತ್ತಿರವೇ’ ಎಂಬ ಉತ್ತರ ಸಿಕ್ಕರೆ, ಅರಿವಳಿಕೆ ಡಾಕ್ಟರೂ ಹಾಗೆಯೇ ಬರುವವರೋ ಎಂದು ಮರುಪ್ರಶ್ನೆ ಹಾಕಿ.

ದಿನ ಗೊತ್ತುಮಾಡಿಕೊಂಡು ಮಾಡುವ ಸಿಸೇರಿಯನ್‌ಗಳಲ್ಲಿ ನೋಡಬೇಕಾದದ್ದು ವಾರ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ತುಂಬುವವರೆಗೆ ಕಾಯುವುದು ರೂಢಿ, ಏಕೆಂದರೆ 37–38ನೇ ವಾರಕ್ಕೆ ನೋವೇ ಬಾರದೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. 38ಕ್ಕೇ ತಾರೀಕು ಕೊಡುವುದು ಮಾಮೂಲಾಗಿರುವ ಆಸ್ಪತ್ರೆಯಲ್ಲಿ ಒಟ್ಟು ಪ್ರಮಾಣ ಎಷ್ಟೇ ಇರಲಿ, ಅದೊಂದು ಕಪ್ಪುಚುಕ್ಕೆ.

ಹಿಂದೆ ಸಿಸೇರಿಯನ್ ಆಗಿದ್ದರೆ ಹೋಲಿಕೆಯೇ ಬೇರೆ

ನಿಮಗೆ ಬೇಕಾದ್ದು 5ನೇ ಗುಂಪಿನ ಎರಡು ಅಂಕಿ: ಸಹಜ ಹೆರಿಗೆಗೆ ಪ್ರಯತ್ನಿಸಲು ಅವಕಾಶ ಸಿಕ್ಕವರೆಷ್ಟು, ಅವರಲ್ಲಿ ಸಹಜ ಹೆರಿಗೆ ಆದವರೆಷ್ಟು. ಸಾಮಾನ್ಯವಾಗಿ ಪ್ರಯತ್ನಿಸಿದವರಲ್ಲಿ ಶೇ 60ರಿಂದ 80 ಮಂದಿಗೆ ಆಗುತ್ತದೆ. ಹಿಂದೆ ಒಮ್ಮೆ ಸಹಜ ಹೆರಿಗೆಯೂ ಆಗಿದ್ದರೆ ಇನ್ನೂ ಹೆಚ್ಚು. ‘ನಮ್ಮಲ್ಲಿ ಶೇ 95 ಯಶಸ್ಸು’ ಎನ್ನುವ ಆಸ್ಪತ್ರೆ ಬಹುಶಃ ಗೆಲ್ಲುವ ಕುದುರೆಗಳನ್ನಷ್ಟೇ ಓಡಿಸುತ್ತಿದೆ, ಉಳಿದವರಿಗೆ ನೇರ ಆಪರೇಷನ್.

ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ, ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ಮತ್ತು ನೋವು ತಾನಾಗಿ ಬಂದಿದ್ದರೆ, 200ಕ್ಕೆ 1ರ ಆಸುಪಾಸು. ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿದ್ದರೆ ಅದು ಎಷ್ಟೋ ಪಟ್ಟು ಹೆಚ್ಚು, ಪ್ರಯತ್ನವೇ ಬೇಡ. ಹೊರಗಿನ ಚರ್ಮದ ಗಾಯ ನೋಡಿ ಇದು ಗೊತ್ತಾಗುವುದಿಲ್ಲ; ಹಳೆಯ ಆಪರೇಷನ್ ಟಿಪ್ಪಣಿಯ ಪ್ರತಿ ಬೇಕು. ನೋವು ಬರಿಸಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಇಂಥವರಿಗೆ ಕೊಡಬಾರದು. ಅದರ ಬಗ್ಗೆ ವಾರ್ಡಿನವರು ತಡವರಿಸಿದರೆ ಆ ಜಾಗ ನಿಮಗೆ ಹೇಳಿಸಿದ್ದಲ್ಲ.

ಇನ್ನೂ ಮಕ್ಕಳು ಬೇಕೆನ್ನುವವರಿಗೆ ಈ ಗುಂಪಿನ ಅಂಕಿ ಇನ್ನೊಂದು ಕಾರಣಕ್ಕೆ ಮುಖ್ಯ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿರುವವರಲ್ಲಿ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರುಬಿಟ್ಟಂತೆ ಅಂಟಿಕೊಳ್ಳುವ ಪ್ರಮಾಣ ಮೊದಲ ಸಿಸೇರಿಯನ್‌ನಲ್ಲಿ ಶೇ 3, ಎರಡನೆಯದರಲ್ಲಿ 11, ಮೂರನೆಯದರಲ್ಲಿ 40 ಎಂದು 2006ರ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಹಾಗೆ ಅಂಟಿಕೊಂಡ ಮಾಸನ್ನು ಕೀಳಲು ಹೋದರೆ ರಕ್ತ ನಿಲ್ಲುವುದಿಲ್ಲ. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದು, ಈಗಿನ ಸ್ಕ್ಯಾನಿನಲ್ಲಿ ‘ಮಾಸು ಕೆಳಗಿದೆ’ ಎಂದಿದ್ದರೆ ಮೇಲಿನ ಹೋಲಿಕೆಗಳನ್ನೆಲ್ಲ ಪಕ್ಕಕ್ಕಿಡಿ. ರಕ್ತನಿಧಿ, ಐ.ಸಿ.ಯು., ಇಪ್ಪತ್ತನಾಲ್ಕು ಗಂಟೆ ಅರಿವಳಿಕೆ ಮತ್ತು ಅನುಭವಿ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೇ ಹೋಗಿ, ಅದರ ಒಟ್ಟು ಪ್ರಮಾಣ ಶೇ 50 ಇದ್ದರೂ.

ಕೇಳುವುದು ಯಾವಾಗ, ಹೇಗೆ

30ನೇ ವಾರಕ್ಕೆ ಮುಂಚೆ ಕೇಳಿದರೆ ಬದಲಾಯಿಸಲು ಸಮಯವಿರುತ್ತದೆ. ‘ನಿಮ್ಮಲ್ಲಿ ನಾರ್ಮಲ್ ಮಾಡಿಸ್ತೀರಾ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೋದ ವರ್ಷ ಚೊಚ್ಚಲದವರಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್ ಆಯಿತು, ಅದರಲ್ಲಿ ನೋವಿಗೆ ಮುಂಚೆ ಎಷ್ಟು’ ಎಂದು ಕೇಳಿ. ಎರಡನೇ ಭಾಗ ಮರೆಯಬೇಡಿ: ತಾವೇ ಕೇಳಿ ಆಪರೇಷನ್ ಮಾಡಿಸಿಕೊಂಡವರೂ ಅದರಲ್ಲಿ ಸೇರಿರುತ್ತಾರೆ, ಅವರನ್ನು ಕಳೆದರೆ ಚಿತ್ರ ಬದಲಾಗಬಹುದು. ಲೆಕ್ಕ ಇಟ್ಟು, ತಿಂಗಳಿಗೊಮ್ಮೆ ಕೂತು ನೋಡುವ ಆಸ್ಪತ್ರೆಯವರು ತಟ್ಟನೆ ಅಂಕಿ ಹೇಳುತ್ತಾರೆ, ಅದು ತುಸು ಹೆಚ್ಚಿದ್ದರೂ ಕಾರಣ ವಿವರಿಸುತ್ತಾರೆ. ಬ್ರೀಚ್ ಇದ್ದವರು ಇನ್ನೊಂದು ಕೇಳಬೇಕು: 36–37ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದ ಕೈಯಿಂದಲೇ ಮಗುವನ್ನು ತಿರುಗಿಸುವವರು ಇಲ್ಲಿದ್ದಾರೆಯೇ? ಹೆಚ್ಚುಕಡಿಮೆ ಅರ್ಧದಷ್ಟು ಸಲ ಅದು ಫಲಿಸುತ್ತದೆ. ‘ಅದನ್ನೆಲ್ಲ ನಾವು ಮಾಡೋದಿಲ್ಲ’ ಎಂದರೆ ಅಲ್ಲಿ ಬ್ರೀಚ್ ಎಂದರೆ ಸಿಸೇರಿಯನ್ ಎಂದೇ ಲೆಕ್ಕ. ಆ ಒಂದು ದಿನದ ಮಟ್ಟಿಗೆ ತಿರುಗಿಸುವವರಿರುವ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬಹುದು.